ಇಂಗ್ಲೆಂಡಿನ ಹಳ್ಳಿಮನೆಗಳ ಸುತ್ತ ಕಂದಕ ಏಕೆ?

ಪ್ರಶ್ನೆ (ಪಣಜಿಯ ಸದಸ್ಯರು):
ಮಾನ್ಯರೇ, ಇಲ್ಲಿನ ಅಗ್ವಾದ ಕೋಟೆಯಲ್ಲಿ ಪೋರ್ಚುಗೀಸರು ತೋಡಿಸಿದ ಒಣ ಕಂದಕದ ಉದ್ದೇಶವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಸಫೋಕ್, ಎಸೆಕ್ಸ್ ಕಡೆಯ ಸರ್ವೆ ನಕ್ಷೆಗಳಲ್ಲಿ ಹೊಲಗಳ ನಡುವಿನ ಒಂಟಿ ಮನೆಗಳ ಸುತ್ತ ಚೌಕಾಕಾರದ ನೀಲಿ ಪಟ್ಟಿಯೂ ಅದರ ಪಕ್ಕದಲ್ಲಿ ಗಾಥಿಕ್ ಅಕ್ಷರಗಳ ‘ಮೋಟ್’ (ಕಂದಕ) ಎಂಬ ಬರಹವೂ ಮತ್ತೆ ಮತ್ತೆ ಕಾಣುತ್ತವೆ. ಬುರುಜೂ ಸೈನ್ಯವೂ ಇಲ್ಲದ ಜಮೀನುದಾರ ಇಷ್ಟು ಮಣ್ಣು ತೋಡಿಸಿದ್ದು ಯಾರ ಭಯಕ್ಕೆ?

ಉತ್ತರ (ಪುಣೆಯ ಸದಸ್ಯರು):
ಭಯಕ್ಕಿಂತ ಪ್ರತಿಷ್ಠೆಗಾಗಿ ಎಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಇಂತಹ ಸುಮಾರು 6000 ನೆಲೆಗಳು ಗುರುತಾಗಿದ್ದು, ಅವುಗಳಲ್ಲಿ ಹೆಚ್ಚಿನವು ಸರಿಸುಮಾರು 1250ರಿಂದ 1350ರ ನಡುವಿನವು. ರಾಜರಿಗೂ ದೊಡ್ಡ ಸರದಾರರಿಗೂ ಕೋಟೆಗಳಿದ್ದವು. ಒಂದೆರಡು ಹಳ್ಳಿಗಳ ಒಡೆಯನಿಗೆ ಅಷ್ಟು ಕಲ್ಲು ಕಟ್ಟಿಸುವ ಶಕ್ತಿ ಇರಲಿಲ್ಲ, ಆದರೆ ಕೂಲಿಯಾಳುಗಳಿಂದ ಕಂದಕ ತೋಡಿಸಿ, ಸೇತುವೆ ದಾಟಿಯೇ ಮನೆಗೆ ಬರಬೇಕೆಂಬ ಗತ್ತನ್ನು ತೋರಿಸಬಹುದಾಗಿತ್ತು. ಪೂರ್ವ ಮತ್ತು ಮಧ್ಯ ಇಂಗ್ಲೆಂಡಿನ ಜೇಡಿಮಣ್ಣಿನಲ್ಲಿ ನೀರು ಇಂಗದೆ ನಿಲ್ಲುತ್ತದೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಅದು ಸುಲಭವಲ್ಲ. ತೋಡಿದ ಮಣ್ಣನ್ನು ಒಳಗೆ ಹರಡಿದರೆ ಮನೆಯ ಅಡಿಪಾಯ ಎತ್ತರವಾಗಿ, ಅಂಗಳದ ತೇವ ಕಂದಕಕ್ಕೆ ಬಸಿಯುತ್ತಿತ್ತು. ಮೀನು ಸಾಕಲು, ಬೆಂಕಿ ಬಿದ್ದರೆ ಎತ್ತಿ ಹಾಕಲು ಅದೇ ನೀರು. ಮಾಂಸ ವರ್ಜ್ಯವಾದ ವ್ರತದ ದಿನಗಳು ಹೆಚ್ಚಿದ್ದ ಆ ಕಾಲದಲ್ಲಿ ಮೀನು ಸಣ್ಣ ಸಂಗತಿಯಲ್ಲ.

ಉತ್ತರ (ಮಾಟುಂಗಾದ ಸದಸ್ಯರು):
ಒಪ್ಪುತ್ತೇನೆ, ಆದರೆ ಪೂರ್ಣವಾಗಿ ಅಲ್ಲ. ಕಂದಕ ಸೈನ್ಯವನ್ನು ತಡೆಯದಿದ್ದರೂ ದನಗಳ್ಳರನ್ನು ತಡೆಯುತ್ತಿತ್ತು. ವೇಲ್ಸ್ ಗಡಿಯ ಬಳಿಯ ಸ್ಟೋಕ್‌ಸೇಯನ್ನು ನೋಡಿ: ಉಣ್ಣೆ ವ್ಯಾಪಾರಿ ಲಾರೆನ್ಸ್ ಆಫ್ ಲಡ್ಲೋ 1291ರಲ್ಲಿ ಅರಸನಿಂದ ಪರವಾನಗಿ ಪಡೆದು ಅಲ್ಲಿನ ಮನೆಯನ್ನು ಭದ್ರಪಡಿಸಿದ. ಆದರೂ ಅದರ ಸಭಾಂಗಣದ ಕಿಟಕಿಗಳು ಮುತ್ತಿಗೆಯ ಚಿಂತೆಯೇ ಇಲ್ಲದವನು ಇಡಿಸಿದಷ್ಟು ದೊಡ್ಡವು!

ಪ್ರಶ್ನಿಸಿದವರು:
ಹಾಗಾದರೆ ಕಂದಕ ತೋಡಲೂ ಅರಸನ ಪರವಾನಗಿ ಬೇಕಿತ್ತೇ?

ಉತ್ತರ (ಪುಣೆಯ ಸದಸ್ಯರು):
ಆ ಪರವಾನಗಿ ಗೋಡೆಯ ಮೇಲಿನ ತೆನೆಗಳಿಗೆ, ಅಂದರೆ ಕೋಟೆಗೋಡೆಯ ಹಲ್ಲುಹಲ್ಲಾದ ಅಂಚಿಗೆ, ಸಂಬಂಧಿಸಿದ್ದು. ಬರಿಯ ಕಂದಕಕ್ಕೆ ಅದರ ಅಗತ್ಯವಿರಲಿಲ್ಲ. ನೀರು ತುಂಬಿದ ಕಂದಕವನ್ನೇ ನೋಡಬೇಕೆಂದಿದ್ದರೆ ಕೆಂಟ್‌ನ ಇತಮ್ ಮೋಟ್‌ಗೆ ಹೋಗಿ, ಅಲ್ಲಿ ಗೋಡೆ ನೇರವಾಗಿ ನೀರಿನಿಂದಲೇ ಮೇಲೇಳುತ್ತದೆ. ಆದರೆ ಬಹುಪಾಲು ನೆಲೆಗಳಲ್ಲಿ ಈಗ ಮನೆಯೇ ಇಲ್ಲ, ಹುಲ್ಲು ಬೆಳೆದ ದಿಬ್ಬವೂ ಅರ್ಧ ಹೂತ ಹಳ್ಳವೂ ಮಾತ್ರ ಉಳಿದಿವೆ. ಪುರಾತತ್ವಜ್ಞರಿಗೆ ಆ ಹಳ್ಳವೇ ಮುಖ್ಯ: ಗಾಳಿಯಾಡದ ಕೆಸರಿನಲ್ಲಿ ಸೇತುವೆಯ ಮರದ ಕಂಬಗಳು, ಚರ್ಮದ ಚೂರುಗಳು, ಬೀಜಗಳು ಕೊಳೆಯದೆ ಉಳಿಯುತ್ತವೆ, ಮತ್ತು ಕಂಬದ ಬೆಳವಣಿಗೆಯ ಉಂಗುರಗಳಿಂದ ಮರ ಕಡಿದ ಕಾಲವನ್ನೂ ಲೆಕ್ಕಹಾಕಬಹುದು.