ಹೊಟ್ಟೆಯಿಂದ ನೆತ್ತರಿಗೆ ದಾಟುವ ಸೋಂಕು: ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ದನ ಸಾಕುವವರಿಗೆಂದು ಕನ್ನಡದಲ್ಲಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಇಲ್ಲಿ ಇಂಥವು ಹೆಚ್ಚಾಗಿ ಮಲಯಾಳದಲ್ಲೇ ಬರುತ್ತವೆ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಆ ಲಿಪಿ ಓದಲು ಬರುವುದಿಲ್ಲ. ಬರೆಯುತ್ತಾ ಒಂದು ಪದದ ಹತ್ತಿರ ನಿಂತಿದ್ದೇನೆ.

ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಕೆಲವೊಮ್ಮೆ ಅದರ ಗೋಡೆ ದಾಟಿ ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಬೇರೆ ಅಂಗಗಳಿಗೆ ಹೋಗುತ್ತದೆ. ಡಾಕ್ಟರು ಟ್ರಾನ್ಸ್‌ಲೊಕೇಷನ್ ಎನ್ನುತ್ತಾರೆ. ‘ಸ್ಥಾನಾಂತರ’ ಎಂದು ಬರೆದರೆ ಹಟ್ಟಿಯಲ್ಲಿ ನಿಂತವರಿಗೆ ಏನೂ ಹೊಳೆಯುವುದಿಲ್ಲ.

ಮೊದಲು ನೆನಪಾದದ್ದು ‘ನಂಜು’. ಆದರೆ ನಮ್ಮಲ್ಲಿ ಗಾಯವಾದಾಗ ತಿನ್ನಬಾರದ ಬದನೆಯೂ ನಂಜು, ಹಾವಿನ ವಿಷವೂ ನಂಜು. ಕುರಿ ಮೇಕೆಗಳ ಕರುಳುಬೇನೆಗೆ ಆ ಮಾತು ಸರಿಯಾಗಿ ಹೊಂದುತ್ತದೆ. ಅಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಕರುಳಲ್ಲೇ ಬೆಳೆಯುತ್ತದೆ, ರಕ್ತಕ್ಕೆ ಹೋಗುವುದು ಅದು ಉಗುಳುವ ವಿಷ. ಚಿಗುರು ಹುಲ್ಲು ಬಂದಾಗ ಮಂದೆಯಲ್ಲಿ ಮೈತುಂಬಿದ ಮರಿಯೇ ಮೊದಲು ಸಾಯುವುದು ಇದರಿಂದಲೇ.

ಕರುವಿನದು ಬೇರೆ. ಹುಟ್ಟಿದ ಸುಮಾರು 24 ಗಂಟೆ ಮಾತ್ರ ಅದರ ಕರುಳು ಗಿಣ್ಣುಹಾಲಿನ ರಕ್ಷಣೆಯನ್ನು ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆ ಹೊತ್ತು ತಪ್ಪಿದ ಕರುವಿಗೆ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವ ಅಪಾಯ ಜಾಸ್ತಿ. ಭೇದಿ ಆಗಲೇಬೇಕೆಂದಿಲ್ಲ. ಕರು ಹಾಲು ಬಿಡುತ್ತದೆ, ಮಂಕಾಗುತ್ತದೆ, ಬದುಕುಳಿದರೆ ಕಾಲಿನ ಗಂಟು ಬಾತು ಮುಟ್ಟಿದರೆ ಬಿಸಿ. ಬಿದ್ದು ಉಳುಕಿರಬೇಕು ಎಂದು ಸುಮ್ನೆ ಎಣ್ಣೆ ಉಜ್ಜುತ್ತಾ ಕೂತರೆ ಕರು ಕೈತಪ್ಪುತ್ತದೆ. ಕಾಲಿನ ಬಾವಿಗೂ ಹೊಟ್ಟೆಗೂ ಸಂಬಂಧ ಇದೆ ಎನ್ನುವುದು ಹೆಸರಲ್ಲೇ ಗೊತ್ತಾಗಬೇಕು, ಅಲ್ವಾ?

ಹಾಗಾದರೆ ‘ಕರುಳು ದಾಟಿದ ಸೋಂಕು’ ಎಂದರಾಯಿತಲ್ಲ ಎನ್ನಬಹುದು. ಅಲ್ಲೂ ತೊಡಕಿದೆ. ಹಲಸಿನ ಕಾಲದಲ್ಲಿ ಹಣ್ಣು, ಊಟದ ಮನೆಯಲ್ಲಿ ಉಳಿದ ಅನ್ನ ಒಟ್ಟಿಗೆ ಹಾಕಿದರೆ ದನದ ಮೊದಲ ಹೊಟ್ಟೆ ಹುಳಿಯಾಗಿ ಒಳಗೋಡೆ ಹುಣ್ಣಾಗುತ್ತದೆ. ಆ ಹುಣ್ಣಿನ ದಾರಿಯಾಗಿ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಲಿವರಿಗೆ ಹೋಗಿ ಕೀವುಗಡ್ಡೆ ಕಟ್ಟುತ್ತದೆ. ಅಲ್ಲಿ ದಾಟುವುದು ಕರುಳನ್ನಲ್ಲ.

ಸದ್ಯಕ್ಕೆ ನನ್ನ ಒಲವು ‘ನೆತ್ತರಿಗೇರಿದ ಸೋಂಕು’ ಎಂಬುದರ ಕಡೆ. ವಿಷ ಏರುವುದು ನಮ್ಮ ಬಾಯಲ್ಲಿರುವ ಮಾತೇ. ವಿಷಕ್ಕೆ ನಂಜು, ಬ್ಯಾಕ್ಟೀರಿಯಾಕ್ಕೆ ಸೋಂಕು ಎಂದು ಬೇರೆ ಇಟ್ಟರೆ ಗೊಂದಲವೂ ಇಲ್ಲ. ಆದರೆ ‘ಹೊಟ್ಟೆಯಿಂದ’ ಎನ್ನುವುದನ್ನು ಪ್ರತಿಸಲ ಜೊತೆಗೆ ಬರೆಯಬೇಕಾಗುತ್ತದೆ.

ಬಳ್ಳಾರಿ, ಚಿತ್ರದುರ್ಗದ ಕಡೆ, ಗಡಿಯಾಚೆ ಅನಂತಪುರದಲ್ಲಿ ಕುರಿ ಮೇಯಿಸುವವರ ಬಾಯಲ್ಲಿ ಇದಕ್ಕೊಂದು ಮಾತು ಇದೆಯೇ? ಕರುವಿನ ಗಂಟುಬಾವಿಗೆ ತುಳುವಿನಲ್ಲೋ ಹವ್ಯಕರ ಮಾತಿನಲ್ಲೋ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಯಾವ ಊರಿನ ಬಳಕೆ ಎಂದೂ ಬರೆಯಿರಿ.