‘ಡಯಾಗ್ನೊಸ್ಟಿಕ್ ಓವರ್‌ಶ್ಯಾಡೋಯಿಂಗ್’ – ಕನ್ನಡದಲ್ಲಿ ಏನೆನ್ನಬಹುದು?

ಬೌದ್ಧಿಕ ವೈಕಲ್ಯವುಳ್ಳವರ ಆರೋಗ್ಯಸೇವೆಯನ್ನು ಕುರಿತು ದಾದಿಯರಿಗಾಗಿ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. (‘ಬುದ್ಧಿಮಾಂದ್ಯ’ ಎಂಬ ಮಾತನ್ನು ತಿಳಿದೇ ಕೈಬಿಟ್ಟಿದ್ದೇನೆ.) ‘ಡಯಾಗ್ನೊಸ್ಟಿಕ್ ಓವರ್‌ಶ್ಯಾಡೋಯಿಂಗ್’ ಎಂಬುದಕ್ಕೆ, ಅಂದರೆ ಬೇರೊಂದು ಕಾಯಿಲೆಯ ಲಕ್ಷಣವನ್ನೂ ವೈಕಲ್ಯದ್ದೇ ಎಂದೆಣಿಸಿ ಆ ಕಾಯಿಲೆಯನ್ನು ಗುರುತಿಸದೆ ಬಿಡುವುದಕ್ಕೆ, ಮಾತ್ರ ತಕ್ಕ ಪದ ಸಿಕ್ಕಿಲ್ಲ.

1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೈಸ್ ಮತ್ತು ಸಂಗಡಿಗರು ಬಳಕೆಗೆ ತಂದ ಈ ಮಾತು ಮೊದಲು ಇಂಥವರ ಮಾನಸಿಕ ಕಾಯಿಲೆಗಳು ಗಮನಕ್ಕೆ ಬಾರದೆ ಹೋಗುವುದನ್ನು ಹೇಳುತ್ತಿತ್ತು. ಈಗ ದೈಹಿಕ ಕಾಯಿಲೆಗಳಿಗೂ ಸಲ್ಲುತ್ತದೆ. ಮಾತು ಬಾರದ ಯುವಕನೊಬ್ಬ ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದರೆ, ‘ಇವರೆಲ್ಲ ಹೀಗೆಯೇ’ ಎಂಬ ಎಣಿಕೆಯಲ್ಲಿ ಅವನ ಹಲ್ಲನ್ನಾಗಲಿ ಕಿವಿಯನ್ನಾಗಲಿ ಯಾರೂ ಪರೀಕ್ಷಿಸುವುದಿಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕೊರತೆ ಹೆಚ್ಚಾಗಿ ಕಾಣುತ್ತದೆ. ಅದರಿಂದ ಬಂದ ಜಡತೆಯನ್ನು ವೈಕಲ್ಯದ ಲೆಕ್ಕಕ್ಕೆ ಸೇರಿಸಿಬಿಟ್ಟರೆ, ರಕ್ತಪರೀಕ್ಷೆಯಲ್ಲಿ ತಿಳಿದು ಮಾತ್ರೆಯಿಂದ ಹತೋಟಿಗೆ ಬರಬಹುದಾಗಿದ್ದ ತೊಂದರೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಗಮನಿಸದೆ ಬಿಟ್ಟ ಮಲಬದ್ಧತೆಯಿಂದ ಪ್ರಾಣ ಹೋದದ್ದೂ ಉಂಟು.

ಮೊದಲು ‘ನಿದಾನಛಾಯೆ’ ಎಂದು ಬರೆದೆ. ಆದರೆ ರೋಗವನ್ನು ಪತ್ತೆಹಚ್ಚುವುದು ಎಂಬರ್ಥದ ಆಯುರ್ವೇದದ ‘ನಿದಾನ’ವನ್ನು ಬಲ್ಲವರು ಕಡಿಮೆ, ಕಿವಿಗೆ ಅದು ‘ನಿಧಾನ’ವೆಂದೇ ಬೀಳುತ್ತದೆ, ಮತ್ತು ‘ಮಗು ಸ್ವಲ್ಪ ನಿಧಾನ’ ಎಂಬುದು ಈ ಜನರನ್ನು ಕುರಿತು ಆಡುವ ಮಾತೇ ಆಗಿರುವುದರಿಂದ ಇಲ್ಲಿ ಆ ಗೊಂದಲ ಸಲ್ಲದು. ‘ರೋಗಗ್ರಹಣ’ದಲ್ಲಿ ಕವಿದ ನೆರಳಿನ ಚಿತ್ರ ಚೆನ್ನಾಗಿದೆ, ಆದರೆ ಗ್ರಹಣವೆಂದರೆ ಅರಿಯುವುದು ಎಂದೂ ಆಗುತ್ತದೆ, ಅಂದರೆ ನಮಗೆ ಬೇಕಾದುದಕ್ಕೆ ತೀರ ವಿರುದ್ಧ. ಗೆಳೆಯರೊಬ್ಬರು ಸೂಚಿಸಿದ ‘ನಿದಾನಕುರುಡು’ ಅರ್ಥಕ್ಕೆ ಹತ್ತಿರವಿದ್ದರೂ ಒಪ್ಪಲಾರೆ: ಒಂದು ವೈಕಲ್ಯವುಳ್ಳವರ ಪರವಾಗಿ ಮಾತನಾಡುವಾಗ ಇನ್ನೊಂದು ವೈಕಲ್ಯವನ್ನು ಬೈಗುಳವಾಗಿ ಬಳಸಬಾರದು.

ಸದ್ಯಕ್ಕೆ ‘ವೈಕಲ್ಯದ ಮರೆ’ ಎಂದು ಇಟ್ಟುಕೊಂಡಿದ್ದೇನೆ. ‘ಮರೆ’ಯಲ್ಲಿ ಅಡ್ಡವಾದುದೂ ಮರೆತುಹೋದುದೂ ಎರಡೂ ಧ್ವನಿಸುವುದು ನನಗೆ ಹಿಡಿಸಿದೆ. ಆದರೂ ಇದು ತಪ್ಪನ್ನು ರೋಗಿಯ ವೈಕಲ್ಯದ ಮೇಲೆಯೇ ಹೊರಿಸುತ್ತದೆ. ಮರೆಯಾಗಿ ನಿಂತಿರುವುದು ನೋಡುವವರ ಪೂರ್ವಗ್ರಹವೇ ಹೊರತು ವೈಕಲ್ಯವಲ್ಲ. ಕ್ರಿಯಾಪದದಲ್ಲಿಯೂ ಇದೇ ತೊಡಕು: ‘ರೋಗ ಮರೆಯಾಯಿತು’ ಎಂದರೆ ಹೊಣೆ ಯಾರದೂ ಅಲ್ಲವೆಂದಾಗುತ್ತದೆ, ‘ಮರೆಮಾಚಿದರು’ ಎಂದರೆ ಬೇಕೆಂದೇ ಮಾಡಿದರೆಂದಾಗುತ್ತದೆ. ದುರುದ್ದೇಶವನ್ನು ಆರೋಪಿಸದೆ, ಆದರೆ ನೋಡಬೇಕಾದವರು ನೋಡಲಿಲ್ಲ ಎಂಬುದನ್ನು ಮಸುಕಾಗಿಸದೆ ಹೇಳುವ ಪದ ಹಳೆಯ ವೈದ್ಯಗ್ರಂಥಗಳಲ್ಲಾಗಲಿ ಆಡುಮಾತಿನಲ್ಲಾಗಲಿ ಇದೆಯೇ?