ಪ್ರಶ್ನೋತ್ತರ: ಆನ್‌ಲೈನ್ ಖರೀದಿ, ಪಾವತಿ, ಮೋಸ (ಬ್ಯಾಂಕಿನ ವಂಚನೆ ತಡೆ ವಿಭಾಗದ ಅಧಿಕಾರಿಯೊಂದಿಗೆ)

ದಾವಣಗೆರೆ ಸದಸ್ಯ: ಸರ್, ರಿಫಂಡ್‌ಗೆ ಅಂತ ಕ್ಯೂಆರ್ ಕೋಡ್ ಕಳಿಸಿದಾರೆ. ಸ್ಕ್ಯಾನ್ ಮಾಡ್ಲಾ?

ಅಧಿಕಾರಿ: ಬೇಡ. ದುಡ್ಡು ಬರೋಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ಹೋಗೋದೇ.

ಹಾಸನ ಸದಸ್ಯೆ: ನಮಸ್ತೆ ಸರ್. ಸೀರೆ ಆರ್ಡರ್ ಮಾಡಿದ್ದೆ. ಕೊರಿಯರ್‌ನವರು ಅಂತ ಫೋನ್ ಮಾಡಿ, ವಿಳಾಸ ಸರಿಯಿಲ್ಲ, 5 ರೂಪಾಯಿ ಕಟ್ಟಿ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್) ಕಳಿಸಿದ್ರು. ಇನ್‌ಸ್ಟಾಲ್ ಮಾಡಿ ಕೇಳಿದ್ದಕ್ಕೆಲ್ಲ ‘ಅಲೋ’ ಕೊಟ್ಟೆ. ಈಗ ಆ್ಯಪೇ ಕಾಣ್ತಿಲ್ಲ. ದುಡ್ಡು ಹೋಗಿಲ್ಲ.

ಅಧಿಕಾರಿ: ಮೇಡಂ, ಇದು ಗಂಭೀರ. ಐಕಾನ್ ಅಡಗಿಸಿಕೊಂಡು ಆ್ಯಪ್ ಒಳಗೇ ಇರುತ್ತದೆ. ಎಸ್ಸೆಮ್ಮೆಸ್ ಓದಲು ಒಪ್ಪಿಗೆ ಕೊಟ್ಟಿದ್ದರೆ ಒಟಿಪಿ ನೇರ ಅವರಿಗೇ ಹೋಗುತ್ತದೆ, ನಿಮ್ಮನ್ನು ಕೇಳುವ ಅಗತ್ಯವೇ ಇಲ್ಲ. ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈಯೂ ಆಫ್. ಮನೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್‌ಬ್ಯಾಂಕಿಂಗ್, ಕಾರ್ಡ್ ಮೂರನ್ನೂ ಬ್ಲಾಕ್ ಮಾಡಿಸಿ. ನಂಬರ್ ಪಾಸ್‌ಬುಕ್ಕಿನಲ್ಲೋ ಕಾರ್ಡ್ ಹಿಂದೆಯೋ ನೋಡಿ, ಗೂಗಲ್‌ನಲ್ಲಿ ಹುಡುಕಬೇಡಿ. ಪಾಸ್‌ವರ್ಡ್ ಆ ಫೋನಿನಲ್ಲಿ ಬದಲಿಸಿದರೆ ಹೊಸದೂ ಅವರ ಕೈಗೆ. ಫೋಟೊ ಮಾತ್ರ ಕಂಪ್ಯೂಟರಿಗೆ ಇಳಿಸಿಕೊಂಡು ಫ್ಯಾಕ್ಟರಿ ರಿಸೆಟ್ ಮಾಡಿ. ಆಮೇಲೆ ##002# ಡಯಲ್ ಮಾಡಿ, ಕಾಲ್ ಫಾರ್ವರ್ಡ್ ಇದ್ದರೆ ರದ್ದಾಗುತ್ತದೆ. ಒಂದು ರೂಪಾಯಿ ಹೋದರೂ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಹಿಡಿಯಬಹುದು.

ಮೈಸೂರು ಸದಸ್ಯ: *ಫಾರ್ವರ್ಡ್* ಎಟಿಎಂನಲ್ಲಿ ಪಿನ್ ಉಲ್ಟಾ ಒತ್ತಿದರೆ ಪೊಲೀಸರಿಗೆ ಮೆಸೇಜ್ ಹೋಗುತ್ತೆ. ಎಲ್ಲರಿಗೂ ಕಳಿಸಿ 🙏

ಅಧಿಕಾರಿ: ಶುದ್ಧ ಸುಳ್ಳು. 1221 ಉಲ್ಟಾ ಮಾಡಿದರೆ ಏನಾಗುತ್ತೆ, ನೀವೇ ನೋಡಿ. ದಯವಿಟ್ಟು ಇಂಥದ್ದು ಇಲ್ಲಿ ಹಾಕಬೇಡಿ.

ಮೈಸೂರು ಸದಸ್ಯ: ಒಳ್ಳೇದಕ್ಕೇ ಹಾಕಿದ್ದು. ಇಷ್ಟು ಸಿಟ್ಟು ಯಾಕೆ?

ಮಂಗಳೂರು ಸದಸ್ಯೆ: ಕ್ಯಾಶ್ ಆನ್ ಡೆಲಿವರಿ ಒಂದೇ ಸೇಫ್.

ತುಮಕೂರು ಸದಸ್ಯ: ಆರ್ಡರ್ ಮಾಡದ ಪಾರ್ಸೆಲ್ಲೂ ಹಾಗೇ ಬರುತ್ತೆ ಮೇಡಂ. ಮನೇಲಿ ಅಜ್ಜಿ ದುಡ್ಡು ಕೊಟ್ಟು ತಗೊಂಡ್ರೆ, ಒಳಗೆ ಹಳೇ ಬಟ್ಟೆ.

ಮಂಗಳೂರು ಸದಸ್ಯೆ: ಅಜ್ಜಿಗೆ ಹೇಳಿಡ್ಬೇಕು. ಕಾರ್ಡ್ ನಂಬರ್ ಎಲ್ಲ ಕಡೆ ಕೊಡೋದಕ್ಕಿಂತ ವಾಸಿ.

ಅಧಿಕಾರಿ: ಕಾರ್ಡ್ ಬಳಸುವವರು ಬ್ಯಾಂಕ್ ಆ್ಯಪ್‌ನಲ್ಲಿ ‘ಇಂಟರ್‌ನ್ಯಾಷನಲ್’ ಆಫ್ ಮಾಡಿ, ಆನ್‌ಲೈನ್ ಮಿತಿ ಇಳಿಸಿ. ಹೊರದೇಶದ ಎಷ್ಟೋ ಸೈಟ್‌ಗಳು ಒಟಿಪಿ ಕೇಳುವುದೇ ಇಲ್ಲ.

ಶಿವಮೊಗ್ಗ ಸದಸ್ಯ: ಬ್ಯಾಂಕಿಗೆ 3 ಕೆಲಸದ ದಿನದೊಳಗೆ ದೂರು ಕೊಟ್ರೆ ಹೋದ ದುಡ್ಡು ಪೂರ್ತಿ ವಾಪಸ್ ಅಲ್ವಾ?

ಅಧಿಕಾರಿ: ಆರ್‌ಬಿಐನ 2017ರ ನಿಯಮದಲ್ಲಿ ಆ ರಕ್ಷಣೆ ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದಾಗ. ಒಟಿಪಿ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ.

ಕಲಬುರಗಿ ಸದಸ್ಯ: ಇನ್‌ಸ್ಟಾಗ್ರಾಂ ಅಂಗಡಿಗೆ ಅಡ್ವಾನ್ಸ್ ಕೊಟ್ಟೀನ್ರಿ, ಬ್ಲಾಕ್ ಮಾಡ್ಯಾರ. ಏನ್ ಮಾಡ್ಲಿ?

ಬೆಳಗಾವಿ ಸದಸ್ಯ: ಸರ್, ರಿಫಂಡ್ ಕ್ಯೂಆರ್ ಸ್ಕ್ಯಾನ್ ಮಾಡಬಹುದಾ?

ಅಧಿಕಾರಿ: ಮೊದಲ ಉತ್ತರ ಓದಿ.

ಹಾಸನ ಸದಸ್ಯೆ: ಸರ್, ಈಗ ಏನೋ ಒಟಿಪಿ ಬರ್ತಿದೆ, ನಾನು ಕೇಳಿಲ್ಲ.

ಅಧಿಕಾರಿ: ಅದೇ ಫೋನಿನಿಂದ ಬರೀತಿದ್ದೀರಾ? ಸ್ವಿಚ್ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ, ಈಗಲೇ.